ಗಾಲೆ: ಕೋಟೆಯೊಳಗೆ ತಂಗಬೇಕೋ, ಉನವಟುನದ ಕಡಲತೀರದಲ್ಲೋ?

ಶ್ರೀಲಂಕಾದ ಗಾಲೆಗೆ ಗಂಡ ಹೆಂಡತಿ ಇಬ್ಬರೇ ಹೋಗಿ ನಾಲ್ಕೈದು ದಿನ ಆರಾಮವಾಗಿ ಇದ್ದು ಬರಬೇಕೆಂದರೆ ಮೊದಲು ಎದುರಾಗುವ ಪ್ರಶ್ನೆ ಇದು. ಕೋಟೆಗೋಡೆಯ ಒಳಗಿನ ಹಳೇ ಊರಿನಲ್ಲೇ ರೂಮು ಹಿಡಿಯಬಹುದು. ಇಲ್ಲವೇ ಐದಾರು ಕಿಲೋಮೀಟರ್ ಆಚೆ ಉನವಟುನದಲ್ಲಿ ಮರಳಿನ ಪಕ್ಕ ಉಳಿದುಕೊಂಡು, ಕೋಟೆಯನ್ನು ಹಗಲು ಹೊತ್ತು ನೋಡಿ ಬರಬಹುದು. ಎರಡೂ ಕಡೆ ಉಳಿದು ನೋಡಿರುವ ನಮ್ಮ ಮಾತು ಒಂದೇ: ರಾತ್ರಿ ಕೋಟೆಯೊಳಗೆ, ಈಜು ಉನವಟುನದಲ್ಲಿ.

ಕಾರಣ ಹೊತ್ತಿನ ಲೆಕ್ಕ. ದಿನದ ಪ್ರವಾಸಕ್ಕೆ ಬರುವವರ ವ್ಯಾನು, ಬಸ್ಸುಗಳು ಬೆಳಿಗ್ಗೆ ಹತ್ತರ ಆಸುಪಾಸಿಗೆ ಬರತೊಡಗುತ್ತವೆ. ಆ ಹೊತ್ತಿಗೆ ಗೋಡೆಯ ಮೇಲೆ ನೆರಳೇ ಇಲ್ಲ, ಕಲ್ಲು ಕಾಯ್ದಿರುತ್ತದೆ. ಉನವಟುನದಿಂದ ಬರುವವರಿಗೆ ಸಿಗುವುದು ಬಹುತೇಕ ಈ ಗಾಲೆಯೇ. ಒಳಗೆ ಮಲಗಿದವರಿಗೆ ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ಐದರ ನಂತರದ ಹೊತ್ತು ಪೂರ್ತಿ ದಕ್ಕುತ್ತದೆ. ಈ ಊರು ನೋಡಬೇಕಾದದ್ದು ಆಗಲೇ.

ನಡಿಗೆಯನ್ನು ಗಡಿಯಾರ ಗೋಪುರದಿಂದ ಶುರುಮಾಡಿ. 1883ರ ಈ ಗೋಪುರ ಇರುವುದು ಮೂನ್ ಕೊತ್ತಲದ ಹತ್ತಿರ. ಅಲ್ಲಿಂದ ಕೆಳಗೆ ಕ್ರಿಕೆಟ್ ಮೈದಾನ ಪೂರಾ ಕಾಣುತ್ತದೆ. ಪಶ್ಚಿಮಕ್ಕೆ ಹೊರಳಿ ಸ್ಟಾರ್, ಈಯೋಲಸ್, ಕ್ಲಿಪೆನ್‌ಬರ್ಗ್, ನೆಪ್ಚೂನ್, ಟ್ರೈಟನ್ ಕೊತ್ತಲಗಳನ್ನು ದಾಟಿ, ಫ್ಲ್ಯಾಗ್ ರಾಕ್ ಮೂಲಕ 1939ರ ದೀಪಸ್ತಂಭಕ್ಕೆ ಬರುವಷ್ಟರಲ್ಲಿ ನಿಧಾನದ ಹೆಜ್ಜೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಈ ದಿಕ್ಕಿನಲ್ಲೇ ಹೋಗಿ, ಬಿಸಿಲು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಗೋಡೆಯ ಅಂಚಿಗೆ ಬಹಳ ಕಡೆ ಕಂಬಿಯಿಲ್ಲ. ಮಳೆ ಬಿದ್ದ ಮೇಲೆ ಹುಲ್ಲು, ಕಲ್ಲು ಎರಡೂ ಜಾರುತ್ತವೆ. ಕತ್ತಲಾದ ಮೇಲೆ ಅಂಚಿನಿಂದ ದೂರವಿರಿ.

ಸೂರ್ಯ ಮುಳುಗುವುದು ವರ್ಷದ ಯಾವ ತಿಂಗಳಲ್ಲೂ ಆರು, ಆರೂವರೆಯ ಆಸುಪಾಸಿಗೆ. ಜನವೆಲ್ಲ ಫ್ಲ್ಯಾಗ್ ರಾಕ್ ಮೇಲೆ ಸೇರುತ್ತದೆ. ಅಲ್ಲಿಂದ ಸಮುದ್ರಕ್ಕೆ ಧುಮುಕಿ ತೋರಿಸಿ ದುಡ್ಡು ಕೇಳುವ ಹುಡುಗರಿರುತ್ತಾರೆ. ಕೆಳಗೆ ಬಂಡೆಗಳಿವೆ, ಅವರನ್ನು ನೋಡಿ ನೀವು ಹಾರಬೇಡಿ. ಇಬ್ಬರೇ ಕೂತು ಮಾತಾಡಲು ನೆಪ್ಚೂನ್ ಕಡೆಯ ಹುಲ್ಲಿನ ದಿಬ್ಬವೇ ವಾಸಿ.

ಕೋಟೆಯ ರೂಮುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಎಡವುವುದು ಇಲ್ಲೇ. 1588ರಲ್ಲಿ ಪೋರ್ಚುಗೀಸರು ಶುರುಮಾಡಿದ ಕೋಟೆಯನ್ನು 1640ರಲ್ಲಿ ಡಚ್ಚರು ಗೆದ್ದು ಗಟ್ಟಿಮಾಡಿದರು. ಒಳಗಿನ ಬೀದಿಗಳ ಚೌಕಟ್ಟು ಡಚ್ಚರದೇ. ಮನೆಗಳಿಗೆ ಮುಂದೆ ಕಂಬದ ಜಗಲಿ, ನಡುವೆ ನಮ್ಮ ತೊಟ್ಟಿಮನೆಯಂತೆ ತೆರೆದ ಅಂಗಳ. ಇಂಥ ಮನೆಯನ್ನು ಅತಿಥಿಗೃಹ ಮಾಡಿದಾಗ ಮೂರು ಬಗೆಯ ರೂಮುಗಳಾಗುತ್ತವೆ. ಬೀದಿಗೆ ತೆರೆಯುವ ರೂಮಿನಲ್ಲಿ ಗಾಳಿ, ಬೆಳಕು ಚೆನ್ನ. ಆದರೆ ಜಗಲಿಯಲ್ಲಿ ಕೂತವರ ಮಾತು, ಆಟೊ ಸದ್ದು ನೇರ ಹಾಸಿಗೆಗೆ ಬರುತ್ತದೆ. ನಡುಮನೆಯ ರೂಮು ತಂಪು, ನಿಶ್ಶಬ್ದ. ಆದರೆ ಕೆಲವಕ್ಕೆ ಕಿಟಕಿಯೇ ಇರುವುದಿಲ್ಲ, ಮಳೆಗಾಲದಲ್ಲಿ ಗಾರೆಗೋಡೆ ತೇವ ಹಿಡಿದು ಬೂಷ್ಟಿನ ವಾಸನೆ ಬರುತ್ತದೆ. ಮಹಡಿ ರೂಮಿಗೆ ಸಮುದ್ರದ ಗಾಳಿ ಸಿಗುತ್ತದೆ, ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಹಂಚಿನಡಿ ಕುದಿಯುತ್ತದೆ; ಮೆಟ್ಟಿಲೂ ಕಡಿದು. ನಮ್ಮ ಆಯ್ಕೆ ಅಂಗಳಕ್ಕೆ ಕಿಟಕಿ ತೆರೆಯುವ ರೂಮು. ಬುಕ್ ಮಾಡುವಾಗ 'ಕಿಟಕಿ ಎಲ್ಲಿಗೆ ತೆರೆಯುತ್ತದೆ' ಎಂದೇ ಕೇಳಿ, ರೂಮಿನೊಳಗಿನಿಂದ ತೆಗೆದ ಕಿಟಕಿಯ ಫೋಟೊ ತರಿಸಿಕೊಳ್ಳಿ. ಕರೆಂಟು ಹೋದರೆ ಜನರೇಟರ್ ಇದೆಯೇ, ಅದು ಎಸಿಯನ್ನೂ ನಡೆಸುತ್ತದೆಯೇ ಎಂದೂ ವಿಚಾರಿಸಿ.

ಬೀದಿಯೂ ಮುಖ್ಯ. ಪೆಡ್ಲರ್ ಸ್ಟ್ರೀಟ್, ಚರ್ಚ್ ಸ್ಟ್ರೀಟ್‌ಗಳಲ್ಲಿ ಅಂಗಡಿ, ಹೋಟೆಲು ಹೆಚ್ಚು, ರಾತ್ರಿ ಸ್ವಲ್ಪ ಗಲಾಟೆ. ಪಶ್ಚಿಮದ ರಾಂಪಾರ್ಟ್ ಸ್ಟ್ರೀಟ್ ಗೋಡೆಗೇ ಅಂಟಿಕೊಂಡಿದೆ. ಸಂಜೆ ಎದ್ದು ಎರಡು ಹೆಜ್ಜೆ ಇಟ್ಟರೆ ಸಮುದ್ರ. ದೀಪಸ್ತಂಭದ ಸುತ್ತಿನ ಮನೆಗಳಿಗೆ ಎದುರಿನ ಮೀರಾನ್ ಮಸೀದಿಯ ಬೆಳಗಿನ ಜಾವದ ಆಜಾನ್ ಸ್ಪಷ್ಟವಾಗಿ ಕೇಳುತ್ತದೆ. ಇಗರ್ಜಿಯಂತೆ ಕಾಣುವ ಆ ಬಿಳಿ ಕಟ್ಟಡ ತುಂಬ ಚೆಂದ, ಆದರೆ ಹಗುರ ನಿದ್ದೆಯವರು ಅಲ್ಲಿಂದ ದೂರದ ಬೀದಿಗಳ ಕಡೆ ನೋಡಲಿ. ಇಡೀ ಊರು ಒಂದು ತುದಿಯಿಂದ ಇನ್ನೊಂದಕ್ಕೆ ಹತ್ತು ಹನ್ನೆರಡು ನಿಮಿಷದ ನಡಿಗೆ; ಎಲ್ಲಿ ಉಳಿದರೂ ದೂರವಾಗುವುದಿಲ್ಲ.

ಉನವಟುನದ ಬಲ ಒಂದೇ, ಆದರೆ ದೊಡ್ಡದು: ನೀರು. ಕೋಟೆಯ ಸುತ್ತ ಬಂಡೆಯೇ ಹೆಚ್ಚು; ದೀಪಸ್ತಂಭದ ಕೆಳಗಿನ ಪುಟ್ಟ ಮರಳದಂಡೆ ಕಾಲು ನೆನೆಸುವುದಕ್ಕೆ ಸಾಕು, ಈಜಿಗೆ ಸಾಲದು. ಉನವಟುನ ಕೊಲ್ಲಿಯಾಕಾರದಲ್ಲಿ ಒಳಸರಿದಿರುವುದರಿಂದ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಲೆ ತಗ್ಗಿರುತ್ತದೆ. ಇನ್ನೂ ಏಕಾಂತ ಬೇಕಿದ್ದರೆ ರುಮಸ್ಸಲ ಗುಡ್ಡದ ಬುಡದ ಜಂಗಲ್ ಬೀಚ್‌ಗೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಹೋಗಿ. ಇಲ್ಲಿ ರೂಮು ಆರಿಸುವಾಗ ಆಗುವ ತಪ್ಪು ಬೇರೆ ಥರದ್ದು. ಮಾತರ ಊರಿಗೆ ಹೋಗುವ ಮುಖ್ಯ ರಸ್ತೆಗೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಹೋಟೆಲುಗಳು, ಅದರಲ್ಲೂ ಪಕ್ಕದ ದಲವೆಲ್ಲ ಕಡೆಯವು, ಫೋಟೊದಲ್ಲಿ ಬರೀ ಕಡಲನ್ನೇ ತೋರಿಸುತ್ತವೆ. ಹಿಂದೆ ಬಸ್ಸಿನ ಹಾರ್ನು ಬೆಳಗಿನಿಂದ ರಾತ್ರಿಯವರೆಗೂ ನಿಲ್ಲುವುದಿಲ್ಲ. ಮುಖ್ಯ ರಸ್ತೆಯಿಂದ ಒಳಗೆ ತಿರುಗುವ ಓಣಿಯಲ್ಲಿ ನೋಡಿ. ಬೀಚಿನ ಬಾರುಗಳ ಸಂಗೀತ ಎಷ್ಟು ಹೊತ್ತಿನವರೆಗೆ ಎಂದೂ ಕೇಳಿಕೊಳ್ಳಿ.

ಕೋಟೆಯಿಂದ ಉನವಟುನಕ್ಕೆ ಆಟೊದಲ್ಲಿ ಕಾಲು ಗಂಟೆ. ಬೆಳಿಗ್ಗೆ ಗೋಡೆ ಸುತ್ತಿ, ತಿಂಡಿ ಮುಗಿಸಿ ಹೊರಟರೆ ಹನ್ನೊಂದೂವರೆವರೆಗೆ ಈಜಿ, ಕೋಟೆ ಕಾಯ್ದ ಹೊತ್ತಿಗೆ ರೂಮಿಗೆ ಮರಳಿ ಮಲಗಬಹುದು. ಇದನ್ನೇ ತಿರುವುಮುರುವು ಮಾಡಿ, ಕೋಟೆಯಲ್ಲಿ ಊಟ ಮುಗಿಸಿ ರಾತ್ರಿ ಉನವಟುನಕ್ಕೆ ಹೊರಟರೆ ಆಟೊದವರು ಹೇಳಿದ್ದೇ ದರ. ಹತ್ತುವ ಮೊದಲೇ ಮಾತಾಡಿ, ಇಲ್ಲವೇ ಪಿಕ್‌ಮಿ ಆ್ಯಪ್‌ನಲ್ಲಿ ದರ ನೋಡಿಕೊಳ್ಳಿ.

ದರ ಹೋಲಿಸುವಾಗ ಎಚ್ಚರ. ಎಷ್ಟೋ ಹೋಟೆಲುಗಳು ಬೆಲೆಯ ಮುಂದೆ ಎರಡು ಕೂಡು ಚಿಹ್ನೆ (++) ಹಾಕಿರುತ್ತವೆ. ಅಂದರೆ ಶೇ 10 ಸೇವಾ ಶುಲ್ಕವೂ ಸರ್ಕಾರದ ತೆರಿಗೆಯೂ ಆಮೇಲೆ ಸೇರುತ್ತವೆ. ಎಲ್ಲ ಸೇರಿ ಎಷ್ಟು ಎಂದು ಕೇಳಿ, ಆ ಮೊತ್ತಗಳನ್ನೇ ಹೋಲಿಸಿ. ಒಂದೇ ದರ್ಜೆಯ ರೂಮಿಗೆ ಕೋಟೆಯೊಳಗೆ ಸಾಮಾನ್ಯವಾಗಿ ಹೆಚ್ಚು ಕೊಡಬೇಕು. ಟೆಸ್ಟ್ ಪಂದ್ಯ, ಸಾಹಿತ್ಯೋತ್ಸವದ ವಾರಗಳಲ್ಲಿ ಇನ್ನೂ ಏರುತ್ತದೆ.

ಊಟದಲ್ಲಿ ಕೋಟೆಗೇ ಹೆಚ್ಚು ಅಂಕ, ಮನೆಯವರೇ ಮಾಡಿಕೊಡುವ ಅನ್ನ, ಪಲ್ಯ, ಇಡಿಯಾಪ್ಪಗಳಿಂದಾಗಿ. ಸಸ್ಯಾಹಾರಿಗಳು ಒಂದನ್ನು ಮರೆಯಬಾರದು: ತೆಂಗಿನಕಾಯಿಯ ಪೋಲ್ ಸಂಬೋಲದಲ್ಲೂ ಕೆಲವು ತರಕಾರಿ ಸಾರುಗಳಲ್ಲೂ ಒಣಮೀನಿನ ಚೂರು, ಅಲ್ಲಿಯವರ ಉಂಬಲಕಡ, ಬೆರೆಸಿರುತ್ತಾರೆ. 'ಮೀನಿಲ್ಲ' ಎಂದರೆ ಸಾಲದು, ಉಂಬಲಕಡ ಬೇಡ ಎಂದು ಹೆಸರು ಹಿಡಿದೇ ಹೇಳಿ, ಅದೂ ಹಿಂದಿನ ರಾತ್ರಿಯೇ.

ಕೊಲಂಬೊ ಫೋರ್ಟ್ ನಿಲ್ದಾಣದಿಂದ ರೈಲಿನಲ್ಲಿ ಎರಡರಿಂದ ಎರಡೂವರೆ ಗಂಟೆ. ಬಲಗಡೆ ಕೂತರೆ ದಾರಿಯಲ್ಲಿ ಸಮುದ್ರ. ಗಾಲೆಯಲ್ಲಿ ಇಳಿದರೆ ಕೋಟೆಯ ಬಾಗಿಲು ಹತ್ತು ನಿಮಿಷದ ನಡಿಗೆ, ಉನವಟುನಕ್ಕಾದರೆ ಮತ್ತೆ ಆಟೊ.

ಮೇನಿಂದ ಸೆಪ್ಟೆಂಬರ್‌ವರೆಗೆ ಹೋಗುವವರಿಗೆ ಆಯ್ಕೆ ಇನ್ನೂ ಸುಲಭ. ನೈಋತ್ಯ ಮಾನ್ಸೂನಿನಲ್ಲಿ ಉನವಟುನದ ಕಡಲು ಕೂಡ ಒರಟಾಗುತ್ತದೆ, ಕೆಂಪು ಬಾವುಟ ಹಾರಿಸಿದ್ದರೆ ನೀರಿಗಿಳಿಯುವಂತಿಲ್ಲ. ಆಗ ಬೀಚಿನ ರೂಮಿಗೆ ದುಡ್ಡು ಸುರಿಯುವ ಬದಲು ಎಲ್ಲ ರಾತ್ರಿಗಳನ್ನೂ ಕೋಟೆಯಲ್ಲೇ ಕಳೆಯಿರಿ, ಕಿಟಕಿಯಿಲ್ಲದೆ ತೇವ ಹಿಡಿಯುವ ನಡುಮನೆಯ ರೂಮು ಮಾತ್ರ ಬೇಡ.