ಟೊಮೆಟೊ ಪೇಸ್ಟ್ ಎತ್ತಿಡಲು ನಾಲ್ಕು ದಾರಿ: ಕಾರವಾರದಲ್ಲಿ ನನ್ನ ಓಟು ಕುದಿಸಿದ ಬಾಟಲಿಗೆ

ಮನೆಯಲ್ಲಿ ಮಾಡಿದ ಟೊಮೆಟೊ ಪೇಸ್ಟನ್ನು ಫ್ರೀಜರಿನಲ್ಲಿ ಇಟ್ಟು ನೋಡಿದ್ದೇನೆ. ಮೇಲೆ ಎಣ್ಣೆ ಸುರಿದು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಬಿಸಿಲಿಗೆ ಒಣಗಿಸಿದ್ದೇನೆ. ಸಣ್ಣ ಗಾಜಿನ ಬಾಟಲಿಗೆ ತುಂಬಿ, ನೀರಿನಲ್ಲಿ ಕುದಿಸಿ ಸೀಲ್ ಮಾಡಿದ್ದೇನೆ. ಕಾರವಾರದಂಥ ಊರಿಗೆ ಈ ಕೊನೆಯದೇ ಸರಿ ಎಂದು ಮೊದಲೇ ಹೇಳಿಬಿಡುತ್ತೇನೆ. ರುಚಿಯ ವಿಷಯ ಆಮೇಲೆ. ಇಲ್ಲಿ ನಿರ್ಧಾರ ಮಾಡುವುದು ಮಳೆ ಮತ್ತು ಕರೆಂಟು.

ಮೀನಿನ ಸಾರಿಗೆ ನಮಗೆ ಮುರುಗಲು ಸಿಪ್ಪೆ ಇದೆ, ಟೊಮೆಟೊ ಬೇಕಾಗಿಲ್ಲ. ಆದರೆ ಟೊಮೆಟೊ ಸಾರು, ಬಾತು, ಸಿಗಡಿ ಮಸಾಲೆ ಎಂದು ವಾರದಲ್ಲಿ ಹಲವು ಸಲ ಬೇಕೇ ಬೇಕು. ಹಣ್ಣು ಬರುವುದು ಹೆಚ್ಚಾಗಿ ಘಟ್ಟದ ಮೇಲಿಂದ. 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿದ್ದು ಯಾರಿಗೂ ಮರೆತಿಲ್ಲ, ಅಲ್ವಾ? ಅದಕ್ಕೇ ಬೇಸಿಗೆಯಲ್ಲಿ ಭಾನುವಾರದ ಸಂತೆಯಲ್ಲಿ ದರ ಇಳಿದಾಗ ಚೀಲ ತುಂಬಿಸಿಕೊಂಡು ಬರುತ್ತೇನೆ. ಉದ್ದನೆಯ, ಗಟ್ಟಿ ತಿರುಳಿನ ಹೈಬ್ರಿಡ್ ಹಣ್ಣೇ ಆಗಬೇಕು. ನಾಟಿ ಟೊಮೆಟೊ ಸಾರಿಗೆ ಬಲು ರುಚಿ, ಆದರೆ ಅದರಲ್ಲಿ ನೀರು ಜಾಸ್ತಿ. ಗ್ಯಾಸು ಸುಮ್ನೆ ಉರಿಯುತ್ತದೆ.

ಮಾಡುವ ಕ್ರಮ ನಾಲ್ಕಕ್ಕೂ ಒಂದೇ. ಹಸಿ ಹಣ್ಣನ್ನು ಮಿಕ್ಸಿಗೆ ಹಾಕಬೇಡಿ. ಪಾತ್ರೆಯನ್ನು ಮೊದಲು ಬಿಸಿ ಮಾಡಿಕೊಂಡು, ಹೆಚ್ಚಿದ ಹಾಗೇ ಹೋಳುಗಳನ್ನು ಅದಕ್ಕೆ ಹಾಕುತ್ತಾ ಹೋಗಿ. ಹಣ್ಣು ಕತ್ತರಿಸಿದ ಕೂಡಲೇ ಅದರೊಳಗಿನ ಕಿಣ್ವಗಳು (ಎನ್‌ಜೈಮ್) ರಸವನ್ನು ಮಂದವಾಗಿಡುವ ಪೆಕ್ಟಿನ್ ಎಂಬ ಅಂಶವನ್ನು ಒಡೆಯಲು ಶುರು ಮಾಡುತ್ತವೆ. ಬೇಗ ಬಿಸಿ ತಾಗಿದರೆ ಅವು ಸಾಯುತ್ತವೆ, ರಸ ಮಂದವಾಗಿ ಉಳಿಯುತ್ತದೆ. ತಡವಾದರೆ ನೀರು ಬೇರೆ, ತಿರುಳು ಬೇರೆ. ಬೆಂದ ಮೇಲೆ ಜರಡಿಯಲ್ಲಿ ಸೋಸಿ ಸಿಪ್ಪೆ, ಬೀಜ ತೆಗೆದು, ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಬೇಕು. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಆಲೆಮನೆಯಲ್ಲಿ ಜೋನಿ ಬೆಲ್ಲ ಕಾಯಿಸಿದ ಹಾಗೆಯೇ ಇದು: ಮೊದಲೆಲ್ಲ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಕೊನೆಯ ಅರ್ಧ ಗಂಟೆ ಮಾತ್ರ ಸೌಟು ಬಿಡುವ ಹಾಗಿಲ್ಲ. ಸೌಟು ಎಳೆದ ಜಾಗದಲ್ಲಿ ತಳ ಕಂಡು, ಗೆರೆ ತಕ್ಷಣ ಮುಚ್ಚಿಕೊಳ್ಳದಿದ್ದರೆ ಆಯಿತು. ಹಣ್ಣಿನಲ್ಲಿರುವ ಘನಾಂಶ ಶೇಕಡಾ 5ರ ಆಸುಪಾಸು, ಪೇಸ್ಟ್ ಎನ್ನಲು 24 ಆದರೂ ಬೇಕು. ಹಾಗಾಗಿ ಸಿಪ್ಪೆ, ಬೀಜ ಕಳೆದರೆ 5 ಕಿಲೋ ಹಣ್ಣಿಗೆ ಒಂದು ಕಿಲೋ ಪೇಸ್ಟೂ ಸಿಗುವುದಿಲ್ಲ. ನೋಡಿ ಬೇಸರ ಮಾಡಿಕೊಳ್ಳಬೇಡಿ.

ಈಗ ಫ್ರೀಜರ್. ಐಸ್ ಟ್ರೇಯಲ್ಲಿ ಚಮಚ ಚಮಚ ತುಂಬಿ, ಗಟ್ಟಿಯಾದ ಮೇಲೆ ಕವರಿಗೆ ಹಾಕಿಟ್ಟರೆ ಬೇಕಾದಾಗ ಒಂದು ತುಂಡು ತೆಗೆಯಬಹುದು. ಬಣ್ಣ, ರುಚಿ ಎರಡೂ ಉಳಿಯುತ್ತವೆ. ಕೆಲಸವೂ ಕಡಿಮೆ. ಆದರೆ ನಮ್ಮದು ಒಂದೇ ಬಾಗಿಲಿನ ಫ್ರಿಜ್ಜು. ಆ ಪುಟ್ಟ ಫ್ರೀಜರಿನಲ್ಲಿ ಬಂಗಡೆ, ಸಿಗಡಿ ಇರಲೇಬೇಕು. ಟೊಮೆಟೊ ತುಂಡಿಗೆ ಮೀನಿನ ವಾಸನೆ ಹತ್ತಿತು. ಸಾರಿನ ಒಗ್ಗರಣೆಯಲ್ಲಿ ಅದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟು ಹೋದರೆ ತುಂಡುಗಳೆಲ್ಲ ಕರಗಿ, ಮತ್ತೆ ಹೆಪ್ಪುಗಟ್ಟಿ ಒಂದೇ ಗಡ್ಡೆ.

ಎಣ್ಣೆಯ ದಾರಿ ತಿಂಗಳೊಳಗೆ ಮುಗಿಸುವವರಿಗೆ ಮಾತ್ರ, ಅದೂ ಫ್ರಿಜ್ಜಿನಲ್ಲಿ. ತೆಂಗಿನೆಣ್ಣೆ ಹಾಕಬೇಡಿ. ತಂಪಿಗೆ ಅದು ಗಟ್ಟಿಯಾಗಿ, ಚಮಚ ತಾಗಿದರೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲೇ ಬೂಸ್ಟು ಬರುತ್ತದೆ. ಶೇಂಗಾ ಎಣ್ಣೆ ಆಗಬಹುದು. ಬೆಳ್ಳುಳ್ಳಿ ಸೇರಿಸಿ ಎಣ್ಣೆಯಡಿ ಹೊರಗಿಡುವುದಂತೂ ಬೇಡವೇ ಬೇಡ. ಗಾಳಿ ಇಲ್ಲದ ಕಡೆ ಬೆಳೆಯುವ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ವಿಷ ಜೀವ ತೆಗೆಯುವಂಥದ್ದು.

ಬಿಸಿಲು? ಇಟಲಿಯ ಸಿಸಿಲಿಯಲ್ಲಿ ಹಲಗೆಯ ಮೇಲೆ ಹರಡಿ ಹೀಗೇ ಒಣಗಿಸುತ್ತಾರೆ, ಅಲ್ಲಿಯ ಗಾಳಿ ಒಣ. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೂ ಸಂಜೆಯಾದರೆ ಸಮುದ್ರದ ಗಾಳಿಗೆ ಪಸೆ ಹಿಡಿಯುತ್ತದೆ. ಹಳಿಯಾಳ, ಮುಂಡಗೋಡದ ಕಡೆಯವರು ಬೇಕಿದ್ದರೆ ಪ್ರಯತ್ನಿಸಲಿ.

ಇನ್ನು ನನ್ನ ಮೆಚ್ಚಿನ ಬಾಟಲಿ. ಬೊಟುಲಿನಂ ಬೆಳೆಯದಿರಲು ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗೆ ಇರಬೇಕು (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಟೊಮೆಟೊ ಆ ಗೆರೆಯ ಅಂಚಿನಲ್ಲೇ ಇರುತ್ತದೆ, ಚೆನ್ನಾಗಿ ಕಳಿತ ಹಣ್ಣು ದಾಟಿಯೂ ಬಿಡುತ್ತದೆ. ಅದಕ್ಕೆ ಅರ್ಧ ಲೀಟರ್ ಪೇಸ್ಟಿಗೆ ಕಾಲು ಟೀಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕುತ್ತೇನೆ. ಬಿಸಿ ಪೇಸ್ಟನ್ನು ಬಿಸಿ ಬಾಟಲಿಗೆ, ಬಾಯಿಂದ ಅರ್ಧ ಸೆಂಟಿಮೀಟರಿಗಿಂತ ಚೂರು ಜಾಸ್ತಿ ಜಾಗ ಬಿಟ್ಟು ತುಂಬಬೇಕು. ಅಂಚು ಒರೆಸಿ, ಮುಚ್ಚಳ ಹಾಕಿ, ಮುಚ್ಚಳದ ಮೇಲೂ ಒಂದಿಂಚು ನೀರು ನಿಲ್ಲುವ ಪಾತ್ರೆಯಲ್ಲಿ ಕುದಿಸಬೇಕು. 250 ಮಿಲಿ ಒಳಗಿನ ಬಾಟಲಿಗೆ ಕಾರವಾರದಲ್ಲಿ 45 ನಿಮಿಷ. ಶಿರಸಿಯವರು 50 ನಿಮಿಷ ಕುದಿಸಿ, ಸುಮಾರು 590 ಮೀಟರ್ ಎತ್ತರದಲ್ಲಿ ನೀರು ಸ್ವಲ್ಪ ಕಡಿಮೆ ಬಿಸಿಗೇ ಕುದಿಯುತ್ತದೆ.

ಕಿರಿಕಿರಿ ಇರುವುದು ಮುಚ್ಚಳದಲ್ಲಿ. ಆನ್‌ಲೈನಿನಲ್ಲಿ ಚಿನ್ನದ ಬಣ್ಣದ ಮುಚ್ಚಳದ ಒಂದು ಡಜನ್ ಬಾಟಲಿ ತರಿಸಿದೆ. ನೋಡಲು ಬಲು ಚೆಂದ. ಕುದಿಸಿ ತಣಿಸಿದಾಗ ಮುಚ್ಚಳದ ನಡುಭಾಗ ಟಕ್ ಎಂದು ಒಳಗೆ ತಗ್ಗಬೇಕು. ಇವುಗಳಲ್ಲಿ ಅರ್ಧದಷ್ಟು ತಗ್ಗಲೇ ಇಲ್ಲ. ಬೆರಳಲ್ಲಿ ಒತ್ತಿದರೆ ಟಿಕ್ ಟಿಕ್ ಎಂದು ಮೇಲೆ ಕೆಳಗೆ ಆಡುತ್ತಿತ್ತು. ತಿರುಗಿಸಿ ನೋಡಿದರೆ ಒಳಗಿನ ರಬ್ಬರಿನಂಥ ಬಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬಣ್ಣ ಬಳಿದಷ್ಟು ತೆಳು. ಒಂದರಲ್ಲಂತೂ ಉಗುರಿನಷ್ಟು ಜಾಗದಲ್ಲಿ ಬಳೆಯೇ ಇರಲಿಲ್ಲ.

ಮಾರಿದವರಿಗೆ ಫೋಟೊ ಕಳಿಸಿದೆ. ಇದು ಡ್ರೈ ಫ್ರೂಟ್ಸ್ ತುಂಬಿ ಉಡುಗೊರೆ ಕೊಡುವ ಬಾಟಲಿ, ಕುದಿಸಲು ಅಲ್ಲ ಎಂಬ ಉತ್ತರ ಬಂತು. ಮಾರುವಾಗ ಜಾಮ್, ಉಪ್ಪಿನಕಾಯಿ, ಸಾಸ್ ಎಲ್ಲಕ್ಕೂ ಆಗುತ್ತದೆ ಎಂದು ಬರೆದಿದ್ದರು! ದುಡ್ಡು ವಾಪಸ್ ಬರಲಿಲ್ಲ. ಬೇಸಿಗೆಯ ಒಲೆಯ ಮುಂದೆ ನಿಂತು ಕಾಯಿಸಿದ ಪೇಸ್ಟು ಅದರಲ್ಲಿ ಇತ್ತಲ್ಲ, ಆ ಸಿಟ್ಟು ಈಗಲೂ ಇದೆ. ಸೀಲ್ ಆಗದವನ್ನು ಫ್ರಿಜ್ಜಿಗೆ ಸೇರಿಸಿ ಮೊದಲು ಖರ್ಚು ಮಾಡಿದೆ.

ಸೀಲ್ ಆದವೂ ಪೂರ್ತಿ ಪಾರಾಗಲಿಲ್ಲ. ಕಿಟಕಿಯಿಂದ ಉಪ್ಪುಗಾಳಿ ಬರುವ ಅಡುಗೆಮನೆ ನಮ್ಮದು. ಮಳೆ ಜೋರಾಗುವ ಹೊತ್ತಿಗೆ ಮುಚ್ಚಳದ ಅಂಚಿನಲ್ಲಿ ತುಕ್ಕು. ತೆರೆಯುವಾಗ ಕೆಂಪು ಪುಡಿ ಬಾಟಲಿಯ ಬಾಯಿಗೆ ಉದುರಿತು. ಒಳಗಿನ ಬಿಳಿ ಲೇಪ ಗೀರಿದ್ದ ಕಡೆ ಹುಳಿ ತಗಡನ್ನೇ ಕಚ್ಚಿ ಕಪ್ಪು ಚುಕ್ಕೆ ಬಿದ್ದಿತ್ತು. ಅದನ್ನು ಚೆಲ್ಲಿದೆ.

ಈಗ ಎರಡು ಭಾಗದ ಮುಚ್ಚಳ ಬಳಸುತ್ತೇನೆ: ಚಪ್ಪಟೆ ಬಿಲ್ಲೆ ಒಂದು, ಅದನ್ನು ಹಿಡಿಯುವ ತಿರುಪು ಬಳೆ ಒಂದು. ಸೀಲ್ ಆಗಿ ತಣಿದ ಮೇಲೆ ಬಳೆ ಬಿಚ್ಚಿಡುತ್ತೇನೆ. ಇಲ್ಲದಿದ್ದರೆ ಅದರೊಳಗೆ ನೀರು ನಿಂತು ಅಲ್ಲೇ ತುಕ್ಕು ಶುರುವಾಗುತ್ತದೆ. ಬಾಟಲಿ ತೊಳೆದು, ಒಣಗಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಳಗೆ ಕತ್ತಲಲ್ಲಿ ಇಡುತ್ತೇನೆ. ಬಾಟಲಿ, ಬಳೆ ಮತ್ತೆ ಬಳಸಬಹುದು. ಬಿಲ್ಲೆ ಮಾತ್ರ ಪ್ರತಿ ಸಲ ಹೊಸದು, ಅದರಲ್ಲಿ ಉಳಿತಾಯ ಮಾಡಬಾರದು. ಬಿಲ್ಲೆ ಉಬ್ಬಿದ್ದರೆ ರುಚಿ ನೋಡಲೂ ಹೋಗದೆ ಬಿಸಾಡಿ.

ಖರ್ಚು ನೋಡಿದರೆ ಮೊದಲ ವರ್ಷ ಬಾಟಲಿಯೇ ದುಬಾರಿ, ಫ್ರೀಜರ್ ಪುಕ್ಕಟೆ. ಮನೆಯಲ್ಲಿ ದೊಡ್ಡ ಫ್ರೀಜರಿದ್ದು, ಮೀನು ಇಡದವರು, ಇನ್ವರ್ಟರ್ ಮೇಲೆ ಫ್ರಿಜ್ಜು ಓಡಿಸುವವರು ಐಸ್ ಟ್ರೇಯನ್ನೇ ನಂಬಬಹುದು. ನಮ್ಮದು ನಾಲ್ಕು ಜನರ ಸಂಸಾರ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ವಾರದೊಳಗೆ ಖಾಲಿಯಾಗಬೇಕು. ಅದಕ್ಕೆ 120 ಮಿಲಿಯದೇ ಸಾಕು, ಬರುವ ಬೇಸಿಗೆಗೆ ಅದೇ ಅಳತೆಯದನ್ನು ಇನ್ನೊಂದಿಷ್ಟು ತರಿಸುತ್ತೇನೆ.