ಹೊಸ ಕೈತೋಟ ನೆಲೆಯೂರುವ ಹೊತ್ತಿಗೆ: ಒಂದು ಉದ್ಯಾನ ವಿನ್ಯಾಸ ಸೇವೆಯ ವಿಮರ್ಶೆ

ಉದ್ಯಾನ ವಿನ್ಯಾಸ ಮಾಡಿಕೊಡುವವರ ಕೆಲಸವನ್ನು ಅವರು ಸಲಕರಣೆ ಎತ್ತಿಕೊಂಡು ಹೊರಟ ದಿನವೇ ಅಳೆಯಲು ಬರುವುದಿಲ್ಲ. ನಮ್ಮ ಹಿತ್ತಿಲನ್ನು ಹೊಸದಾಗಿ ರೂಪಿಸಿಕೊಟ್ಟ ತಂಡದ ಬಗ್ಗೆ ಒಂದು ಬೇಸಿಗೆಯೂ ಒಂದು ಮಳೆಗಾಲವೂ ಕಳೆದ ಮೇಲೆ ಬರೆಯುತ್ತಿರುವುದು ಆ ಕಾರಣಕ್ಕೇ.

ಮೊದಲಿಗೆ ಪಾತಿಗಳಲ್ಲಿ ಗಿಡಕ್ಕಿಂತ ಮಣ್ಣೇ ಹೆಚ್ಚು ಕಾಣುತ್ತಿತ್ತು. ಪ್ರತಿಯೊಂದು ಪೊದೆಯೂ ಪೂರ್ಣವಾಗಿ ಬೆಳೆದಾಗ ಎಷ್ಟು ಅಗಲ ಹರಡುವುದೋ ಅಷ್ಟು ಜಾಗವನ್ನು ಅವರು ಬಿಟ್ಟಿದ್ದರು. ಬಂದ ನೆಂಟರು ಕೆಲಸ ಇನ್ನೂ ಮುಗಿದಿಲ್ಲವೆಂದೇ ತಿಳಿದರು. ಒತ್ತೊತ್ತಾಗಿ ನೆಟ್ಟು ಆ ದಿನದ ಮಟ್ಟಿಗೆ ಮೆಚ್ಚುಗೆ ಗಿಟ್ಟಿಸುವುದು ಸುಲಭವಿತ್ತು, ಆದರೆ ಹಾಗೆ ನೆಟ್ಟವನ್ನು ಕೆಲವೇ ವರ್ಷಗಳಲ್ಲಿ ಕಿತ್ತು ಹಾಕಬೇಕಾಗುತ್ತದೆ.

ಅವರ ನಿಜವಾದ ಕೌಶಲ ಇರುವುದು ಮಣ್ಣಿನೊಳಗೆ. ಗುಂಡಿಗಳನ್ನು ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲವಾಗಿ ತೋಡಿದರೂ ಆಳವನ್ನು ಮಾತ್ರ ಮುದ್ದೆಯ ಎತ್ತರಕ್ಕೇ ಮಿತಿಗೊಳಿಸಿದರು, ಏಕೆಂದರೆ ಕಾಂಡದ ಬುಡ ಹೂತುಹೋದರೆ ತೊಗಟೆ ಸದಾ ತೇವವಾಗಿದ್ದು ಕೊಳೆಯುತ್ತದೆ. ಕುಂಡದೊಳಗೆ ಸುತ್ತಿಕೊಂಡಿದ್ದ ಬೇರುಗಳನ್ನು ಬಿಡಿಸಿ ಹರಡಿದರು. ಒಣ ಎಲೆ ಮತ್ತು ಮರದ ಚೂರುಗಳ ಹೊದಿಕೆಯನ್ನು 5 ರಿಂದ 7 ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ಕಾಂಡದ ಸುತ್ತ ಮಾತ್ರ ತೆರವು ಬಿಟ್ಟರು. ನೆಟ್ಟ ಹೊಸದರಲ್ಲಿ ಗಿಡಗಳು ಒಂದಿಷ್ಟು ಎಲೆ ಉದುರಿಸಿದಾಗ, ಬೇರು ಹಿಡಿಯುವವರೆಗೆ ಚಿಗುರನ್ನು ನಿರೀಕ್ಷಿಸಬಾರದೆಂದು ಮೊದಲೇ ಹೇಳಿದ್ದುದು ನೆಮ್ಮದಿ ತಂದಿತು.

ಹನಿ ನೀರಾವರಿಯ ವಿಷಯದಲ್ಲಂತೂ ಅವರನ್ನು ಹೊಗಳಲೇಬೇಕು. ಹೊಸ ಗಿಡದ ಬೇರು ಕುಂಡದ ಹಳೆಯ ಮಣ್ಣಿನೊಳಗೇ ಇರುವುದರಿಂದ, ಸುತ್ತಲಿನ ನೆಲ ಹಸಿಯಾಗಿದ್ದರೂ ಆ ಮುದ್ದೆ ಬೇಗ ಒಣಗಬಲ್ಲದು. ಆದ್ದರಿಂದ ಆರಂಭದಲ್ಲಿ ಹನಿ ಬೀಳುವ ತುದಿಗಳನ್ನು ಬುಡದ ಸಮೀಪ ಇಟ್ಟು, ಗಿಡ ಚಿಗುರತೊಡಗಿದ ಮೇಲೆ ತಾವಾಗಿಯೇ ಬಂದು ಅವುಗಳನ್ನು ಹೊರಕ್ಕೆ ಸರಿಸಿದರು. ಹಣ ಕೈಸೇರಿದ ನಂತರವೂ ಹೀಗೆ ಬರುವವರು ವಿರಳ.

ಮನೆಯಿಂದ ಆಚೆಗೆ ಮೀಟರಿಗೆ ಸುಮಾರು 2 ಸೆಂಟಿಮೀಟರಿನಷ್ಟು ಇಳಿಜಾರು ಕೊಟ್ಟಿದ್ದರಿಂದ ಮಳೆನೀರು ಗೋಡೆಯ ಬಳಿ ನಿಲ್ಲಲಿಲ್ಲ. ಆದರೆ ಚಪ್ಪಡಿ ಹಾಸಿದ ಕಾಲುದಾರಿ ಒಂದೆಡೆ ಕುಸಿಯಿತು. ನೀರಿನ ಕೊಳವೆಗೆ ತೋಡಿದ ಕಾಲುವೆಯನ್ನು ಮುಚ್ಚುವಾಗ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಿರಲಿಲ್ಲ. ಸರಿಪಡಿಸಿಕೊಟ್ಟರಾದರೂ ಅದಕ್ಕಾಗಿ ಮತ್ತೆ ಮತ್ತೆ ನೆನಪಿಸಬೇಕಾಯಿತು. ಹುಲ್ಲುಹಾಸು ಬಿಸಿಲಿದ್ದಲ್ಲಿ ಚೆನ್ನಾಗಿ ಕೂಡಿಕೊಂಡಿದೆ, ಹಳೆಯ ಮರದ ನೆರಳಿನಲ್ಲಿ ತೆಳುವಾಗಿದೆ. ಅಲ್ಲಿ ನೆರಳು ಸಹಿಸುವ ನೆಲಹೊದಿಕೆಯ ಗಿಡಗಳನ್ನು ಅವರೇ ಸೂಚಿಸಬೇಕಿತ್ತು.

ಈಗ ಪೊದೆಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿವೆ. ಸಂಜೆ ಅಲ್ಲಿ ಕುಳಿತರೆ ಬೆಂಚನ್ನು ಆ ಮೂಲೆಯಲ್ಲೇ ಏಕೆ ಇಟ್ಟರೆಂಬುದು ತಿಳಿಯುತ್ತದೆ: ಪಡುವಣ ಬಿಸಿಲನ್ನು ಮರ ತಡೆಯುತ್ತದೆ, ಜೇನುನೊಣಗಳು ಮುತ್ತುವ ಹೂಪಾತಿ ಮಾತ್ರ ಬೆಳಕಿನಲ್ಲಿ ಉಳಿಯುತ್ತದೆ. ಮನೆಯ ಮುಂದಿನ ಅಂಗಳಕ್ಕೂ ಇದೇ ತಂಡವನ್ನು ಕರೆಯಲಿದ್ದೇನೆ. ಕಲ್ಲು ಹಾಸುವ ದಿನ ಮಾತ್ರ ದಮ್ಮಸ್ಸು ಮುಗಿಯುವವರೆಗೆ ನಾನೇ ಎದುರು ನಿಂತಿರುತ್ತೇನೆ.