ದಂಡ–ಬಸ್ಕಿಯೋ, ಸೂರ್ಯನಮಸ್ಕಾರವೋ?

ಚಾಪೆಯಷ್ಟು ಜಾಗವಿದ್ದರೆ ಎರಡನ್ನೂ ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ. ಫಲ ಮಾತ್ರ ಬೇರೆ ಬೇರೆ.

ಬಲವೇ ಗುರಿಯಾದರೆ ನನ್ನ ಮತ ಗರಡಿ ಮನೆಯ ದಂಡ–ಬಸ್ಕಿಗೆ. ದಂಡ (ಕೈಯೂರಿ ಮೈಯನ್ನು ಇಳಿಸಿ ಏರಿಸುವ ಕಸರತ್ತು) ಎದೆ, ಭುಜ, ತೋಳಿನ ಹಿಂಭಾಗವನ್ನು ದುಡಿಸುತ್ತದೆ. ಬಸ್ಕಿ ತೊಡೆಯನ್ನು ಬಿಡುವುದಿಲ್ಲ. ಹೊಸಬರು ದಂಡವನ್ನು ಮೊದಲು ಗೋಡೆಗೆ ಕೈಯೂರಿ ಆರಂಭಿಸಲಿ, ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ನೆಲದ ಮೇಲೆ 15 ಸಲೀಸಾದಾಗ ಎಣಿಕೆ ಹೆಚ್ಚಿಸುವ ಬದಲು 3–4 ಸೆಕೆಂಡ್ ತೆಗೆದುಕೊಂಡು ಕೆಳಗಿಳಿಯಿರಿ. ಐದಾರು ಮುಗಿಯುವಷ್ಟರಲ್ಲಿ ತೋಳು ನಡುಗತೊಡಗುತ್ತದೆ. ಕಸುವು ಏರುವುದು ಹೀಗೆ ಹೊರೆ ಏರಿದಾಗಲೇ.

ಸೂರ್ಯನಮಸ್ಕಾರದಲ್ಲಿ ಈ ಏರಿಕೆ ಕಡಿಮೆ. 12 ಹಂತಗಳಲ್ಲಿ ತೋಳಿನ ಮೇಲೆ ಗಟ್ಟಿಯಾಗಿ ಭಾರ ಬೀಳುವುದು ಎರಡು ಮೂರರಲ್ಲಿ ಮಾತ್ರ. ಬೆನ್ನು, ಮೀನಖಂಡ ಸಡಿಲವಾಗುವುದಕ್ಕೆ ಅದೇ ವಾಸಿ; ಬಿರುಸಾಗಿ ಮಾಡಿದರೆ ಏದುಸಿರೂ ಬರುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂರುವವರು ಅದನ್ನೇ ಆರಿಸಿಕೊಳ್ಳಲಿ. ಆಳದ ಬಸ್ಕಿಗೆ ಮಂಡಿ ಒಪ್ಪದವರೂ ಅಷ್ಟೇ (ಮಂಡಿಯೂರುವಾಗ ಕೆಳಗೆ ಮಡಿಸಿದ ಹೊದಿಕೆ ಇರಲಿ). ರಕ್ತದೊತ್ತಡವಿದ್ದರೆ ತಲೆ ಕೆಳಗಾಗುವ ಭಂಗಿಗೆ ಮುನ್ನ ವೈದ್ಯರನ್ನು ಕೇಳಿ.

ಎರಡರಲ್ಲೂ ಎಳೆಯುವ ಕೆಲಸವಿಲ್ಲ. ಬೆನ್ನಿನ ಮೇಲ್ಭಾಗ ಗಟ್ಟಿಯಾಗಬೇಕೆಂದರೆ ಕಂಬಿಯೊಂದಕ್ಕೆ ಜೋತುಬೀಳಬೇಕಾದೀತು. ಹಳೆಯ ಬಾಗಿಲ ಚೌಕಟ್ಟನ್ನು ಮಾತ್ರ ನಂಬಬೇಡಿ.